ಸೇಲ್ಸ್ ಇಂಟರ್‌ವ್ಯೂಗೆ ಬಂದವರಿಗೆ ಉತ್ತರ ಕೊಡಿ, ಟಾರ್ಗೆಟ್ ಮೊದಲೇ ಹೇಳಿ

ಮಾನ್ಯ ಸಂಪಾದಕರೇ,

ಕೋರಿಕೆಯಿಂದಲೇ ಶುರುಮಾಡುತ್ತೇನೆ. ಸಾಫ್ಟ್‌ವೇರ್ ಮಾರುವ ದೊಡ್ಡ ಕಂಪನಿಗಳಲ್ಲಿ ಮ್ಯಾನೇಜರ್ ಆಗಿರುವ ಕನ್ನಡಿಗರು ಮುಂಬಯಿಯಲ್ಲೂ ಇದ್ದಾರೆ, ಪುಣೆಯಲ್ಲೂ ಇದ್ದಾರೆ. ಅವರಲ್ಲಿ ಹಲವರ ಮನೆಗೆ ನಿಮ್ಮ ಪತ್ರಿಕೆ ಬರುತ್ತದೆ. ಅವರಲ್ಲಿ ಕೇಳಿಕೊಳ್ಳುವುದು ಇಷ್ಟೇ. ನೀವು ಸೇಲ್ಸ್ ಕೆಲಸಕ್ಕೆ ಇಂಟರ್‌ವ್ಯೂ ಮಾಡಿದ ಹುಡುಗ ಹುಡುಗಿಯರಿಗೆ ಆಯ್ತು ಅಥವಾ ಇಲ್ಲ ಅಂತ ಒಂದು ಉತ್ತರ ಕೊಡಿ. ಎರಡನೇ ಸುತ್ತಿಗೆ ಕರೆಯುವ ಮೊದಲು ಸಂಬಳದಲ್ಲಿ ಖಾತ್ರಿ ಇರುವುದು ಎಷ್ಟು, ಟಾರ್ಗೆಟ್ ಮುಟ್ಟಿದರೆ ಮಾತ್ರ ಸಿಗುವುದು ಎಷ್ಟು, ಆ ಟಾರ್ಗೆಟ್ ಎಷ್ಟು, ಇದನ್ನು ಹೇಳಿಬಿಡಿ.

ನಾನು ಬಹಳ ವರ್ಷ ಮುಂಬಯಿಯಲ್ಲಿ ಇಂಥ ಕಂಪನಿಗಳ ಸಾಫ್ಟ್‌ವೇರ್ ಮಾರಿಕೊಡುವ ಒಂದು ಚಿಕ್ಕ ಪಾರ್ಟ್ನರ್ ಕಂಪನಿಯಲ್ಲಿ ದುಡಿದವಳು. ಈಗ ಕೆಲಸ ಬಿಟ್ಟಿದ್ದೇನೆ. ನಮ್ಮ ಕಡೆಯ ಮಕ್ಕಳು ಇಂಟರ್‌ವ್ಯೂ ಬಂದಾಗ ಅಭ್ಯಾಸಕ್ಕೆ ಅಂತ ಮನೆಗೆ ಬರುತ್ತಾರೆ. ಡೊಂಬಿವಲಿ, ಕಲ್ಯಾಣ್, ಭಾಂಡುಪ್, ಥಾಣೆಯಿಂದ ಬರುತ್ತಾರೆ. ಪುಣೆಯವರು ಫೋನ್ ಮಾಡುತ್ತಾರೆ. ಇವರಲ್ಲಿ ಎಂಜಿನಿಯರ್‌ಗಳು ಕಡಿಮೆ. ಬಿಕಾಂ, ಬಿಎಂಎಸ್ ಮಾಡಿದವರು, ಯಾವುದೋ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಮಾರಿ ಸುಸ್ತಾದವರು, ಟೆಲಿಕಾಂ ಕಂಪನಿಯಲ್ಲಿ ಡೀಲರ್‌ಗಳನ್ನು ಸಂಭಾಳಿಸಿದವರು. ಸಾಫ್ಟ್‌ವೇರ್ ಕಂಪನಿ ಅಂದರೆ ಮನೆಯವರಿಗೆ ಕೋಡಿಂಗ್ ಮಾತ್ರ ನೆನಪಾಗುತ್ತದೆ. ಬರೆದಿಟ್ಟ ಸಾಫ್ಟ್‌ವೇರನ್ನು ಯಾರಾದರೂ ಮಾರಬೇಕಲ್ಲ? ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್, ಪವಾಯಿ, ಗೋರೆಗಾಂವ್, ಪುಣೆಯ ಖರಾಡಿ, ಬಾಣೇರ್ ಕಡೆ ಅದಕ್ಕೇ ಅಂತ ತಂಡಗಳಿವೆ. ಕೆಲಸ ಒಳ್ಳೆಯದು, ಕಲಿಯೋದು ಬಹಳ ಇದೆ, ಚೆನ್ನಾಗಿ ಮಾಡಿದವರಿಗೆ ದುಡ್ಡೂ ಇದೆ. ಆದ್ದರಿಂದಲೇ ಒಳಗೆ ಹೋಗುವ ಬಾಗಿಲಲ್ಲಿ ಇವರಿಗೆ ಆಗುವ ಅನುಭವ ನೋಡಿದರೆ ನನಗೆ ಸಂಕಟ ಆಗುತ್ತದೆ.

ಮೊದಲು ಎಚ್‌ಆರ್ ಫೋನ್ ಬರುತ್ತದೆ. ಈಗಿನ ಸಿಟಿಸಿ (ಕಂಪನಿ ನಿಮ್ಮ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ಎಷ್ಟು, ಎಷ್ಟು ನಿರೀಕ್ಷೆ ಇದೆ, ನೋಟಿಸ್ ಪೀರಿಯಡ್ ಎಷ್ಟು. ಆಮೇಲೆ ನೇರ ಮ್ಯಾನೇಜರ್. ಆಮೇಲೆ ರೋಲ್ ಪ್ಲೇ, ಅಂದರೆ ಅವರು ಗ್ರಾಹಕರಾಗುತ್ತಾರೆ, ನೀವು ಮಾರಬೇಕು. ಆಮೇಲೆ ಒಂದು ಪ್ರೆಸೆಂಟೇಶನ್. ಆಮೇಲೆ ಗುರುಗ್ರಾಮದಿಂದಲೋ ಸಿಂಗಾಪುರದಿಂದಲೋ ವಿಡಿಯೋದಲ್ಲಿ ಬರುವ ಮೇಲಿನ ಸಾಹೇಬರು. ಕೊನೆಗೆ ಮತ್ತೆ ಎಚ್‌ಆರ್. ಎಲ್ಲ ಕಡೆ ಇದೇ ಕ್ರಮ ಅಂತಲ್ಲ, ಹೆಚ್ಚು ಕಡಿಮೆ ಹೀಗೆ.

ಭಾಂಡುಪಿನ ಒಬ್ಬ ಹುಡುಗ. ಅಪ್ಪ ಹೋಟೆಲಿನ ಕ್ಯಾಶ್ ಕೌಂಟರಿನಲ್ಲಿ ಕೂರುತ್ತಾರೆ. ಇವನು ಒಂದು ದೊಡ್ಡ ಕಂಪನಿಯ ಇನ್‌ಸೈಡ್ ಸೇಲ್ಸ್ ಕೆಲಸಕ್ಕೆ, ಅಂದರೆ ಕಚೇರಿಯಲ್ಲೇ ಕೂತು ಫೋನಿನಲ್ಲಿ ಮಾರುವ ಕೆಲಸಕ್ಕೆ, ಹೋದ. ಮೂರು ಸುತ್ತು ಚೆನ್ನಾಗಿಯೇ ಆಯಿತು. ನಾಲ್ಕನೆಯದಕ್ಕೆ ಟೆರಿಟರಿ ಪ್ಲಾನ್, ಅಂದರೆ ನಿಮಗೆ ಮಾರಲು ಕೊಡುವ ಪ್ರದೇಶದ ಯೋಜನೆ, ತನ್ನಿ ಅಂದರು. ಪಶ್ಚಿಮ ಭಾರತದ ಉತ್ಪಾದನಾ ಕಂಪನಿಗಳಲ್ಲಿ ಯಾರನ್ನು ಮೊದಲು ಹಿಡಿಯುತ್ತೀರಿ, ಅಲ್ಲಿ ಈಗ ಯಾವ ಸಾಫ್ಟ್‌ವೇರ್ ಇದೆ, ಐಟಿ ಮುಖ್ಯಸ್ಥರು ಯಾರು, ಹಣಕ್ಕೆ ಸಹಿ ಹಾಕುವವರು ಯಾರು, ಮೊದಲ ಮೂರು ತಿಂಗಳಲ್ಲಿ ಏನು ಮಾಡುತ್ತೀರಿ. ಅವನು ಇದ್ದ ಕೆಲಸದಿಂದ ರಜೆ ಹಾಕಿ, ರಾತ್ರಿ ಕೂತು, ಚಾಕಣ್‌ನಿಂದ ವಾಪಿವರೆಗಿನ ಕಂಪನಿಗಳನ್ನು ಹುಡುಕಿ, ಗುರುತಿನವರಿಗೆಲ್ಲ ಫೋನ್ ಮಾಡಿ ಕೇಳಿ, ಅಚ್ಚುಕಟ್ಟಾದ ಪಟ್ಟಿ ಮಾಡಿಕೊಂಡು ಹೋದ. ಪ್ಯಾನೆಲ್‌ನವರು ಮೆಚ್ಚಿದರು. ಫೈಲನ್ನು ಮೇಲ್ ಮಾಡಿ ಅಂದರು, ಮಾಡಿದ. ಅಲ್ಲಿಗೆ ಮುಗಿಯಿತು. ಫೋನ್ ಇಲ್ಲ, ಮೇಲ್ ಇಲ್ಲ. ಎಚ್‌ಆರ್‌ಗೆ ಇವನೇ ಮಾಡಿದರೆ "ಪ್ರೋಸೆಸ್‌ನಲ್ಲಿದೆ" ಅನ್ನುವುದು, ಆಮೇಲೆ ಎತ್ತುವುದೇ ಇಲ್ಲ. ಆ ಪಟ್ಟಿಯನ್ನು ಅವರು ಉಪಯೋಗಿಸಿಕೊಂಡರು ಅಂತ ಆರೋಪ ಮಾಡಲು ನನ್ನ ಹತ್ತಿರ ಆಧಾರ ಇಲ್ಲ, ಮಾಡುವುದೂ ಇಲ್ಲ. ಆದರೆ ಪ್ರತಿ ಅಭ್ಯರ್ಥಿಯಿಂದ ಇಂಥ ಒಂದು ಪಟ್ಟಿ ತೆಗೆದುಕೊಂಡರೆ ಅದು ಸಂಬಳ ಕೊಡದೆ ಮಾಡಿಸಿಕೊಂಡ ಕೆಲಸವೇ. ಯೋಚನೆಯ ದಾರಿ ನೋಡಬೇಕಾ? ಕಾಲ್ಪನಿಕವಾದ ಒಂದು ಕಂಪನಿ ಕೊಡಿ, ಅರ್ಧ ಗಂಟೆ ಕೊಡಿ, ಎದುರಿಗೇ ಮಾಡಿಸಿ. ಅಷ್ಟರಲ್ಲೇ ಗೊತ್ತಾಗುತ್ತದೆ.

ರೋಲ್ ಪ್ಲೇ ಬಗ್ಗೆ ನಾಲ್ಕು ಮಾತು ಬರೆಯಲೇಬೇಕು, ಯಾಕೆಂದರೆ ಅದು ಇಡೀ ಇಂಟರ್‌ವ್ಯೂನಲ್ಲಿ ನಿಜವಾಗಿ ನ್ಯಾಯವಾದ ಭಾಗ, ನಮ್ಮ ಮಕ್ಕಳು ಜಾಸ್ತಿ ಎಡವುವುದೂ ಅಲ್ಲೇ. ಎದುರು ಕೂತ ಮ್ಯಾನೇಜರ್ ಹೇಳುತ್ತಾರೆ, ನಾನು ಪುಣೆ ಹತ್ತಿರದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ವಾಹನದ ಬಿಡಿಭಾಗ ಮಾಡುವ ಘಟಕದ ಮಾಲೀಕ, ನನ್ನ ಲೆಕ್ಕ ಟ್ಯಾಲಿಯಲ್ಲಿದೆ, ಸ್ಟಾಕ್ ಎಕ್ಸೆಲ್‌ನಲ್ಲಿದೆ, ನನಗೆ ಐದು ನಿಮಿಷ ಸಮಯ ಇದೆ, ಮಾತಾಡಿ. ಹುಡುಗರು ಏನು ಮಾಡುತ್ತಾರೆ ಅಂದರೆ ಒಂದೇ ಉಸಿರಿಗೆ ಸಾಫ್ಟ್‌ವೇರಿನ ಗುಣಗಾನ ಶುರುಮಾಡುತ್ತಾರೆ. ಕ್ಲೌಡ್, ಎಐ, ಡ್ಯಾಶ್‌ಬೋರ್ಡ್. ಅಲ್ಲಿಗೆ ಕತೆ ಮುಗಿಯಿತು. ಇಂಟರ್‌ವ್ಯೂ ಮಾಡುವವರು ನೋಡುವುದು ನೀವು ಎಷ್ಟು ಪ್ರಶ್ನೆ ಕೇಳುತ್ತೀರಿ, ಉತ್ತರ ಕೇಳಿಸಿಕೊಂಡು ಮುಂದಿನ ಪ್ರಶ್ನೆ ಕೇಳುತ್ತೀರಾ ಅನ್ನುವುದನ್ನು. ತಿಂಗಳ ಕೊನೆಗೆ ಸ್ಟಾಕ್ ತಾಳೆ ನೋಡೋಕೆ ಎಷ್ಟು ದಿನ ಹೋಗುತ್ತೆ ಸರ್? ಲೆಕ್ಕದಲ್ಲಿ ಇದೆ, ಗೋದಾಮಿನಲ್ಲಿ ಇಲ್ಲ ಅಂತ ಯಾವತ್ತಾದರೂ ಆಗಿದೆಯಾ? ಆಗ ಮಷಿನ್ ನಿಂತಿತ್ತಾ? ಒಂದು ದಿನ ನಿಂತರೆ ಎಷ್ಟು ನಷ್ಟ? ಇಂಥ ಖರ್ಚಿಗೆ ಒಪ್ಪಿಗೆ ನೀವೊಬ್ಬರೇ ಕೊಡ್ತೀರಾ, ಅಣ್ಣನವರನ್ನೂ ಕೇಳಬೇಕಾ?

ಇದಕ್ಕೆ ಆ ಲೋಕದಲ್ಲಿ ಹೆಸರುಗಳಿವೆ. ಬ್ಯಾಂಟ್ ಅಂತ ಐಬಿಎಂ ಕಡೆಯಿಂದ ಬಂದ ಹಳೆಯ ಕ್ರಮ: ದುಡ್ಡಿದೆಯಾ, ನಿರ್ಧಾರ ಮಾಡುವವರು ಇವರೇನಾ, ಅಗತ್ಯ ಇದೆಯಾ, ಯಾವಾಗ ಬೇಕು. ಮೆಡಿಕ್ ಅಂತ ಇನ್ನೊಂದು, 1990ರ ದಶಕದಲ್ಲಿ ಅಮೆರಿಕದ ಪಿಟಿಸಿ ಎಂಬ ಸಾಫ್ಟ್‌ವೇರ್ ಕಂಪನಿಯಲ್ಲಿ ರೂಪುಗೊಂಡದ್ದು. ಅದರಲ್ಲಿ ಗ್ರಾಹಕನ ನೋವು ಯಾವುದು, ಲಾಭವನ್ನು ಅಂಕಿಯಲ್ಲಿ ಹೇಳಲು ಆಗುತ್ತಾ, ಒಳಗೆ ನಮ್ಮ ಪರವಾಗಿ ಮಾತಾಡುವವರು ಯಾರು ಅಂತೆಲ್ಲ ಹುಡುಕಬೇಕು. ಇವು ಯಾವ ಡಿಗ್ರಿ ಕಾಲೇಜಿನಲ್ಲೂ ಬಿಕಾಂ ಹುಡುಗನ ಕಿವಿಗೆ ಬೀಳುವುದಿಲ್ಲ. ಎಂಬಿಎಗೆ ದುಡ್ಡು ಸುರಿದವರಿಗೆ, ಅಥವಾ ಒಳಗೆ ಗುರುತಿನವರು ಇದ್ದವರಿಗೆ ಮೊದಲೇ ಗೊತ್ತಿರುತ್ತದೆ. ಕಂಪನಿಗಳು ಇಂಟರ್‌ವ್ಯೂಗೆ ಕರೆಯುವ ಮೇಲ್‌ನಲ್ಲೇ ರೋಲ್ ಪ್ಲೇ ಇರುತ್ತದೆ, ನಾವು ನೋಡುವುದು ಇದನ್ನು ಅಂತ ನಾಲ್ಕು ಸಾಲು ಬರೆದರೆ ಎಲ್ಲರೂ ಒಂದೇ ಗೆರೆಯಿಂದ ಓಡಬಹುದು. ಕೆಲವರು ಬರೆಯುತ್ತಾರೆ, ಅವರಿಗೆ ನಮಸ್ಕಾರ.

ಭಾಷೆಯ ವಿಷಯಕ್ಕೆ ಬರುತ್ತೇನೆ, ಇದು ನನಗೆ ತುಂಬಾ ನೋವಿನ ವಿಷಯ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಕಲಿತ ಒಂದು ತಲೆಮಾರು ಮುಂಬಯಿಯಲ್ಲಿ ಇತ್ತು. ಅವರ ಮೊಮ್ಮಕ್ಕಳು ಈಗ ಈ ಇಂಟರ್‌ವ್ಯೂಗಳಿಗೆ ಹೋಗುತ್ತಿದ್ದಾರೆ. ಮನೆಯಲ್ಲಿ ತುಳು ಅಥವಾ ಕನ್ನಡ, ಬೀದಿಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ, ಕಟ್ಟಡದಲ್ಲಿ ಗುಜರಾತಿ ನೆರೆಯವರು. ಇಷ್ಟೂ ಭಾಷೆ ನಾಲಿಗೆಯ ಮೇಲಿರುವ ಮಕ್ಕಳು. ಇವರು ಮಾರಬೇಕಾದ್ದು ಯಾರಿಗೆ? ಭೋಸರಿಯ ಮರಾಠಿ ಮಾಲೀಕರಿಗೆ, ಭಿವಂಡಿಯ ಗೋದಾಮಿನವರಿಗೆ, ಸೂರತ್ತಿನ ಬಟ್ಟೆ ವ್ಯಾಪಾರಿಗೆ. ಆದರೆ ಇಂಟರ್‌ವ್ಯೂ ಪೂರ್ತಿ ಇಂಗ್ಲಿಷ್‌ನಲ್ಲಿ, ಅದೂ ಉಚ್ಚಾರಣೆ ನೋಡಿ ಅಳೆಯುತ್ತಾರೆ. ಡೊಂಬಿವಲಿಯ ಒಬ್ಬಳಿಗೆ "ಕಮ್ಯುನಿಕೇಶನ್ ಸ್ವಲ್ಪ ವೀಕ್" ಅಂದರು. ಅದೇ ಹುಡುಗಿ ಮರಾಠಿಯಲ್ಲಿ ಮಾತಾಡಿ ಟೆಲಿಕಾಂ ಡೀಲರ್‌ಗಳಿಂದ ಬಾಕಿ ವಸೂಲಿ ಮಾಡಿದವಳು. ಇಂಗ್ಲಿಷ್ ಬೇಡ ಅಂತ ನಾನು ಹೇಳುತ್ತಿಲ್ಲ. ಕಾಂಟ್ರಾಕ್ಟ್ ಇಂಗ್ಲಿಷ್‌ನಲ್ಲಿರುತ್ತದೆ, ಮೇಲ್ ಬರೆಯಬೇಕು, ಸಿಂಗಾಪುರದವರ ಜೊತೆ ಮಾತಾಡಬೇಕು, ಅದು ಬೇಕೇ ಬೇಕು. ಆದರೆ ಒಂದು ರೋಲ್ ಪ್ಲೇ ಮರಾಠಿಯಲ್ಲೋ ಹಿಂದಿಯಲ್ಲೋ ಮಾಡಿಸಿ ನೋಡಿ ಅಂತ ಕೇಳುತ್ತೇನೆ. ಗ್ರಾಹಕ ಯಾವ ಭಾಷೆಯಲ್ಲಿ ತನ್ನ ಕಷ್ಟ ಹೇಳಿಕೊಳ್ಳುತ್ತಾನೋ ಆ ಭಾಷೆಯಲ್ಲಿ ಪರೀಕ್ಷೆ ಮಾಡದೆ ಸೇಲ್ಸ್ ಗೊತ್ತಾ ಇಲ್ವಾ ಅಂತ ಹೇಗೆ ತೀರ್ಮಾನ ಮಾಡುತ್ತೀರಿ?

ದುಡ್ಡಿನ ವಿಷಯ. ಆಫರ್ ಲೆಟರ್‌ನಲ್ಲಿ 18 ಲಕ್ಷ ಅಂತ ಇರುತ್ತದೆ ಅಂದುಕೊಳ್ಳಿ. ಮನೆಯವರು ಸಿಹಿ ಹಂಚುತ್ತಾರೆ. ಅದು 60-40 ಅಂತ ಆಮೇಲೆ ಗೊತ್ತಾಗುತ್ತದೆ. ಅಂದರೆ ಖಾತ್ರಿ ಇರುವುದು 10 ಲಕ್ಷ 80 ಸಾವಿರ, ತಿಂಗಳಿಗೆ 90 ಸಾವಿರ. ಸಿಟಿಸಿ ಲೆಕ್ಕದಲ್ಲಿ ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ ಕೂಡ ಸಾಮಾನ್ಯವಾಗಿ ಅದರೊಳಗೇ ಇರುತ್ತದೆ, ತೆರಿಗೆ ಬೇರೆ, ಕೈಗೆ ಬರುವುದು ಇನ್ನೂ ಕಡಿಮೆ. ಉಳಿದ 7 ಲಕ್ಷ 20 ಸಾವಿರ ಟಾರ್ಗೆಟ್ ಮುಟ್ಟಿದರೆ ಮಾತ್ರ. ಎಷ್ಟೋ ಕಡೆ ಟಾರ್ಗೆಟ್‌ನ ಇಷ್ಟು ಭಾಗಕ್ಕಿಂತ ಕೆಳಗಿದ್ದರೆ ಒಂದು ಪೈಸೆಯೂ ಇಲ್ಲ ಅನ್ನುವ ಗೆರೆ ಇರುತ್ತದೆ. ಗ್ರಾಹಕ ನಡುವೆ ರದ್ದು ಮಾಡಿದರೆ ಕೊಟ್ಟ ಇನ್ಸೆಂಟಿವ್ ವಾಪಸ್ ಹಿಡಿಯುವ ನಿಯಮ ಇರುತ್ತದೆ. ದೊಡ್ಡ ಕಂಪನಿಗೆ ಸಾಫ್ಟ್‌ವೇರ್ ಮಾರಲು ಆರು ತಿಂಗಳು, ಒಂದು ವರ್ಷ ಹಿಡಿಯುವುದು ಸಾಮಾನ್ಯ. ಹಾಗಿರುವಾಗ ಹೊಸಬರಿಗೆ ಮೊದಲ ತ್ರೈಮಾಸಿಕದಿಂದಲೇ ಪೂರ್ತಿ ಟಾರ್ಗೆಟ್ ಹಾಕಿದರೆ ಆ 40 ಪರ್ಸೆಂಟ್ ಕಾಗದದ ಮೇಲೆ ಮಾತ್ರ. ಕೆಲವು ಕಂಪನಿ ಮೊದಲ ಕೆಲವು ತಿಂಗಳು ಟಾರ್ಗೆಟ್ ಕಡಿಮೆ ಇಟ್ಟು ವೇರಿಯಬಲ್ ಅನ್ನು, ಅಂದರೆ ಟಾರ್ಗೆಟ್ ಮೇಲೆ ನಿಂತ ಆ ಭಾಗವನ್ನು, ಖಾತ್ರಿಯಾಗಿ ಕೊಡುತ್ತವೆ. ಅದು ಸರಿಯಾದ ಕ್ರಮ. ಆದರೆ ಅದು ಇದೆಯಾ ಇಲ್ವಾ ಅಂತ ಕೇಳಿದರೆ "ಜಾಯಿನ್ ಆದ ಮೇಲೆ ಮ್ಯಾನೇಜರ್ ಹೇಳ್ತಾರೆ" ಅನ್ನುವ ಉತ್ತರ ನಾನು ಎಷ್ಟೋ ಮಕ್ಕಳ ಬಾಯಲ್ಲಿ ಕೇಳಿದ್ದೇನೆ. ಇವರ ಮೂರು ತಿಂಗಳ ಪೇ ಸ್ಲಿಪ್, ಫಾರ್ಮ್ 16 ಎಲ್ಲ ತೆಗೆದುಕೊಂಡಾಗಿರುತ್ತದೆ. ಕಂಪನಿಯವರು ತಮ್ಮದು ಒಂದು ಅಂಕಿಯೂ ಕೊಡುವುದಿಲ್ಲ.

ಪುಣೆ ಚಿಂಚ್‌ವಡದ ಒಬ್ಬ ಹುಡುಗಿಗೆ ಇದೇ ಆಯಿತು. ಬೆಳಗಾವಿ ಕಡೆಯವಳು, ಚೆನ್ನಾಗಿ ಅನುಭವ ಇದ್ದವಳು. ಇಂಟರ್‌ವ್ಯೂನಲ್ಲಿ ಪುಣೆ ಅಂತ ಹೇಳಿದ ಟೆರಿಟರಿ ಸೇರುವ ಹೊತ್ತಿಗೆ ನಾಗಪುರ, ಔರಂಗಾಬಾದ್ ಕಡೆಗೆ ತಿರುಗಿತ್ತು. ಟಾರ್ಗೆಟ್ ಮಾತ್ರ ಪುಣೆಯದ್ದೇ. ಅವಳು ಹಳೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟು 90 ದಿನದ ನೋಟಿಸ್ ಮುಗಿಸಿಯಾಗಿತ್ತು, ಹಿಂದೆ ಹೋಗುವ ಹಾಗಿರಲಿಲ್ಲ. ಇನ್ನೊಂದು ಮಾತು ಅವಳು ಅಳುಕುತ್ತಲೇ ಹೇಳಿದಳು. ಕೊನೆಯ ಸುತ್ತಿನಲ್ಲಿ "ಮದುವೆ ಯಾವಾಗ, ಆಮೇಲೆ ಟ್ರಾವೆಲ್ ಮಾಡ್ತೀರಾ" ಅಂತ ಕೇಳಿದರಂತೆ. ಟ್ರಾವೆಲ್ ಮಾಡ್ತೀರಾ ಅಂತ ಕೇಳಿ, ಗಂಡಸರಿಗೂ ಹೆಂಗಸರಿಗೂ ಒಂದೇ ರೀತಿ ಕೇಳಿ. ಮದುವೆಯ ಸುದ್ದಿ ನಿಮಗೆ ಯಾಕೆ?

ಕಂಪನಿಯವರ ಕಡೆಯಿಂದಲೂ ಹೇಳಬೇಕು, ನಾನು ಆ ಮೇಜಿನ ಆಚೆ ಕೂತವರನ್ನು ಹತ್ತಿರದಿಂದ ನೋಡಿದ್ದೇನೆ. ಎಲ್ಲರೂ ಬೇಕಂತ ಸುಮ್ಮನಿರುವುದಿಲ್ಲ. ಸೇಲ್ಸ್ ತಂಡದ ಉಸಿರಾಟವೇ ತ್ರೈಮಾಸಿಕದ ಲೆಕ್ಕದಲ್ಲಿರುತ್ತದೆ. ಪ್ರತಿ ಕಂಪನಿಯ ಹಣಕಾಸು ವರ್ಷವೂ ಬೇರೆ. ಸೇಲ್ಸ್‌ಫೋರ್ಸ್‌ಗೆ ವರ್ಷ ಮುಗಿಯುವುದು ಜನವರಿ 31ಕ್ಕೆ, ಒರಾಕಲ್‌ಗೆ ಮೇ 31ಕ್ಕೆ, ಮೈಕ್ರೋಸಾಫ್ಟ್‌ಗೆ ಜೂನ್ 30ಕ್ಕೆ, ಸ್ಯಾಪ್‌ಗೆ ಡಿಸೆಂಬರ್ 31ಕ್ಕೆ. ವರ್ಷದ ಕೊನೆಯ ವಾರಗಳಲ್ಲಿ ಸೇಲ್ಸ್ ಮ್ಯಾನೇಜರ್‌ಗೆ ಡೀಲ್ ಮುಗಿಸುವುದು ಬಿಟ್ಟು ಬೇರೇನೂ ಕಾಣುವುದಿಲ್ಲ, ಇಂಟರ್‌ವ್ಯೂ ಮುಂದೂಡುತ್ತಾರೆ. ಹೊಸ ವರ್ಷ ಶುರುವಾದಾಗ ಟೆರಿಟರಿ ಮತ್ತೆ ಹಂಚುತ್ತಾರೆ, ಎಷ್ಟು ಜನ ಬೇಕು ಅನ್ನುವ ಲೆಕ್ಕವೇ ಬದಲಾಗುತ್ತದೆ. ಕೆಲವೊಮ್ಮೆ ಆ ಹುದ್ದೆಯನ್ನೇ ನಿಲ್ಲಿಸುತ್ತಾರೆ, ಅಥವಾ ಒಳಗಿನವರಿಗೇ ಕೊಡುತ್ತಾರೆ. ಇದೆಲ್ಲ ಅರ್ಥವಾಗುತ್ತದೆ. ಅರ್ಜಿ ಹಾಕುವ ಮಕ್ಕಳೂ ಆ ಕಂಪನಿಯ ವರ್ಷ ಯಾವಾಗ ಮುಗಿಯುತ್ತದೆ ಅಂತ ನೋಡಿಕೊಂಡರೆ ಒಳ್ಳೆಯದು. ಆದರೆ "ಹುದ್ದೆ ನಿಂತಿದೆ, ಕ್ಷಮಿಸಿ" ಅಂತ ಒಂದು ಸಾಲು ಬರೆಯಲು ಎರಡು ನಿಮಿಷ ಸಾಕು. ಗ್ರಾಹಕನಿಗೆ ಅದೇ ದಿನ ಫಾಲೋ ಅಪ್ ಮಾಡಬೇಕು ಅಂತ ಕಲಿಸುವ ಕಂಪನಿ ಇದು, ಅಲ್ವಾ?

ಹೊರದೇಶಗಳಲ್ಲಿ ಇದು ಒಬ್ಬ ಮ್ಯಾನೇಜರ್‌ನ ಒಳ್ಳೆಯತನಕ್ಕೆ ಬಿಟ್ಟ ವಿಷಯ ಅಲ್ಲ. ಅಮೆರಿಕದ ಕೊಲರಾಡೋದಲ್ಲಿ 2021ರಿಂದ, ನ್ಯೂಯಾರ್ಕ್ ನಗರದಲ್ಲಿ 2022ರ ನವೆಂಬರ್‌ನಿಂದ, ಕ್ಯಾಲಿಫೋರ್ನಿಯಾದಲ್ಲಿ 2023ರ ಜನವರಿಯಿಂದ ಕೆಲಸದ ಜಾಹೀರಾತಿನಲ್ಲೇ ಸಂಬಳ ಇಷ್ಟರಿಂದ ಇಷ್ಟು ಅಂತ ಹಾಕಬೇಕು ಅನ್ನುವ ಕಾನೂನು ಇದೆ. ಯುರೋಪಿಯನ್ ಒಕ್ಕೂಟ 2023ರಲ್ಲಿ ಮಾಡಿದ ನಿರ್ದೇಶನದ ಪ್ರಕಾರ ಸಂಬಳದ ವಿವರವನ್ನು ಅಭ್ಯರ್ಥಿಗೆ ಮೊದಲೇ ತಿಳಿಸಬೇಕು, ಹಿಂದಿನ ಸಂಬಳ ಎಷ್ಟಿತ್ತು ಅಂತ ಕೇಳುವ ಹಾಗಿಲ್ಲ. ಸದಸ್ಯ ದೇಶಗಳಿಗೆ ಕೊಟ್ಟ ಗಡುವು 2026ರ ಜೂನ್ 7. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಕೆನಡಾದ ಒಂಟಾರಿಯೋ ಪ್ರಾಂತ್ಯದ ನಿಯಮ. 2026ರ ಜನವರಿ 1ರಿಂದ ಅಲ್ಲಿ 25 ಅಥವಾ ಅದಕ್ಕಿಂತ ಜಾಸ್ತಿ ನೌಕರರಿರುವ ಕಂಪನಿ, ಜಾಹೀರಾತು ಕೊಟ್ಟ ಕೆಲಸಕ್ಕೆ ಇಂಟರ್‌ವ್ಯೂ ಮಾಡಿದವರಿಗೆ 45 ದಿನದೊಳಗೆ ತೀರ್ಮಾನ ಆಯಿತಾ ಇಲ್ವಾ ಅಂತ ತಿಳಿಸಲೇಬೇಕು. ಈ ದೊಡ್ಡ ಕಂಪನಿಗಳಿಗೆ ಅಲ್ಲೂ ಕಚೇರಿಗಳಿವೆ. ಅಲ್ಲಿ ಮಾಡಲು ಆಗುವುದು ಪವಾಯಿಯಲ್ಲಿ, ಖರಾಡಿಯಲ್ಲಿ ಯಾಕೆ ಆಗುವುದಿಲ್ಲ? ಕಾನೂನು ಬರಲಿ ಅಂತ ಕಾಯಬೇಕಾ?

ಒಳ್ಳೆಯ ಅನುಭವವೂ ಇದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಕಲ್ಯಾಣಿನ ಒಬ್ಬ ಹುಡುಗನಿಗೆ ರೋಲ್ ಪ್ಲೇ ಆದ ಮರುದಿನವೇ ಮ್ಯಾನೇಜರ್ ಖುದ್ದು ಫೋನ್ ಮಾಡಿದರು. ಆಯ್ಕೆ ಆಗಿಲ್ಲ ಅಂತ ನೇರವಾಗಿ ಹೇಳಿದರು. ಯಾಕೆ ಅಂತಲೂ ಹೇಳಿದರು. ಬೆಲೆ ಜಾಸ್ತಿ ಆಯ್ತು ಅಂತ ನಾನು ಅಂದ ಕೂಡಲೇ ನೀವು ಡಿಸ್ಕೌಂಟ್‌ಗೆ ಇಳಿದಿರಿ, ಯಾವುದಕ್ಕೆ ಹೋಲಿಸಿ ಜಾಸ್ತಿ ಅಂತ ನನ್ನನ್ನು ಕೇಳಲೇ ಇಲ್ಲ. ಅದನ್ನು ತಿದ್ದಿಕೊಳ್ಳಿ, ಬೇರೆ ಎಲ್ಲ ಚೆನ್ನಾಗಿತ್ತು. ಇಷ್ಟೇ ಮಾತು. ಹುಡುಗನಿಗೆ ಬೇಜಾರಾಯಿತು, ನಿಜ, ಆದರೆ ಅವನು ಕುಗ್ಗಲಿಲ್ಲ. ನಾವಿಬ್ಬರೂ ಕೂತು ಅದೊಂದನ್ನೇ ಮತ್ತೆ ಮತ್ತೆ ಅಭ್ಯಾಸ ಮಾಡಿದೆವು. ಈಗ ಬೇರೆ ಕಂಪನಿಯಲ್ಲಿ ಅದೇ ಕೆಲಸ ಮಾಡುತ್ತಿದ್ದಾನೆ, ಆ ಮ್ಯಾನೇಜರ್ ಹೆಸರನ್ನು ಇಂದಿಗೂ ಗೌರವದಿಂದ ಹೇಳುತ್ತಾನೆ. ಅಂಥವರು ಇದ್ದಾರೆ. ಇನ್ನೂ ಹೆಚ್ಚು ಜನ ಹಾಗಾಗಲಿ ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮಕ್ಕಳಿಗೂ ಒಂದು ಮಾತು. ಕೊನೆಯಲ್ಲಿ "ನಿಮ್ಮ ಪ್ರಶ್ನೆ ಏನಾದರೂ ಇದೆಯಾ" ಅಂತ ಕೇಳಿದಾಗ ಇಲ್ಲ ಸರ್ ಅಂತ ಎದ್ದು ಬರಬೇಡಿ. ಹೋದ ವರ್ಷ ಈ ತಂಡದಲ್ಲಿ ಎಷ್ಟು ಜನ ಟಾರ್ಗೆಟ್ ಮುಟ್ಟಿದರು ಅಂತ ಕೇಳಿ. ಈ ಟೆರಿಟರಿ ಮೊದಲು ಯಾರ ಕೈಯಲ್ಲಿತ್ತು, ಅವರು ಯಾಕೆ ಬಿಟ್ಟರು ಅಂತ ಕೇಳಿ. ಕೇಳಿದರೆ ಕೆಲಸ ಹೋಗುತ್ತದೆ ಅನ್ನುವ ಭಯ ಬೇಡ. ಪ್ರಶ್ನೆ ಕೇಳುವುದೇ ಸೇಲ್ಸ್ ಕೆಲಸ, ಒಳ್ಳೆಯ ಮ್ಯಾನೇಜರ್‌ಗೆ ಇದು ಇಷ್ಟವಾಗುತ್ತದೆ. ಫಿಕ್ಸೆಡ್, ವೇರಿಯಬಲ್, ಟೆರಿಟರಿ, ಈ ಮೂರೂ ಮೇಲ್‌ನಲ್ಲಿ ಬರುವವರೆಗೆ ರಾಜೀನಾಮೆ ಕೊಡಬೇಡಿ. ದೊಡ್ಡ ಕಂಪನಿಯ ಹೆಸರು ಹೇಳಿ ಟ್ರೈನಿಂಗ್ ಫೀ, ಲ್ಯಾಪ್‌ಟಾಪ್ ಡೆಪಾಸಿಟ್ ಅಂತ ಯಾರಾದರೂ ದುಡ್ಡು ಕೇಳಿದರೆ ಅದು ಮೋಸ, ಫೋನ್ ಇಟ್ಟುಬಿಡಿ.

ಸಂಪಾದಕರೇ, ನಿಮ್ಮ ಉದ್ಯೋಗ ಪುಟದಲ್ಲಿ ಈ ಕೆಲಸಕ್ಕೂ ಜಾಗ ಕೊಡಿ. ಇಂಟರ್‌ವ್ಯೂಗೆ ಹೋಗಿ ಬಂದವರಿಂದಲೇ ಬರೆಸಿ, ಕಂಪನಿಯ ಹೆಸರು ಬೇಡ, ಏನು ಕೇಳಿದರು, ಏನು ಹೇಳಿದರು, ಉತ್ತರ ಬಂತಾ ಇಲ್ವಾ, ಅಷ್ಟು ಸಾಕು. ಮುಂಬಯಿ, ಪುಣೆಯ ಕನ್ನಡ ಸಂಘಗಳಲ್ಲಿ ಸಭಾಂಗಣ ಇದೆ, ಭಾನುವಾರ ಬೆಳಿಗ್ಗೆ ಖಾಲಿಯೂ ಇರುತ್ತದೆ. ಸೇಲ್ಸ್‌ನಲ್ಲಿ ಪಳಗಿದ ನಮ್ಮವರು ಎರಡು ಗಂಟೆ ಬಂದು ಗ್ರಾಹಕರಾಗಿ ಎದುರು ಕೂತರೆ ಸಾಕು, ಮಕ್ಕಳನ್ನು ನಾನು ಕರೆದುಕೊಂಡು ಬರುತ್ತೇನೆ.

ಇತಿ,
ನಿಮ್ಮ ಓದುಗರಲ್ಲೊಬ್ಬಳು, ಡೊಂಬಿವಲಿ ಪೂರ್ವ